ಬಾಡಿಗೆ ಮನೆ: ಬೆಟಗೇರಿಯಲ್ಲಿ ಕೂಡಿ ಕಳೆದದ್ದು

ನಾವು ನಾಲ್ವರು ಸಹಪಾಠಿಗಳು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು. ಸುದ್ದಿ ಬರೆಯುವುದು ನಮ್ಮ ಕೆಲಸ, ಲೆಕ್ಕ ಅಷ್ಟಕ್ಕಷ್ಟೇ. ಆದರೂ ಲಕ್ಷ್ಮೇಶ್ವರದ ಗೆಳೆಯನ ಅಪ್ಪನಿಗಾಗಿ ಹಾಳೆ-ಪೆನ್ನು ಹಿಡಿಯಬೇಕಾಯಿತು. ಪಿಂಚಣಿ ಇಲ್ಲದ ನೌಕರಿಯಿಂದ 60ಕ್ಕೆ ನಿವೃತ್ತರಾದ ಅವರ ಕೈಗೆ ಬಂದದ್ದು 33 ಲಕ್ಷ ರೂಪಾಯಿ. ಇನ್ನು ಗಂಡ-ಹೆಂಡತಿಯ ಊಟ, ಔಷಧ ಎಲ್ಲವೂ ಅದರಲ್ಲೇ.

ಬೆಟಗೇರಿಯಲ್ಲಿ ಒಂದು ಮನೆ ಅವರ ಕಣ್ಣಿಗೆ ಬಿದ್ದಿತ್ತು. ಬೆಲೆ 30 ಲಕ್ಷ. ಕೆಳಗೆ 6,000, ಮೇಲೆ 5,000 ಬಾಡಿಗೆ. ‘ತಿಂಗಳಾ 11 ಸಾವಿರ ಕುಂತಲ್ಲೇ ಬರ್ತದ’ ಎಂದು ದಲ್ಲಾಳಿ ಹೇಳಿದ್ದ. ದಲ್ಲಾಳಿಯ ಗಣಿತದಲ್ಲಿ ಕೂಡಿಸುವುದಷ್ಟೇ ಇರುತ್ತದೆ, ಕಳೆಯುವುದು ಇರುವುದಿಲ್ಲ.

ನಾವು ಕಳೆಯುತ್ತ ಹೋದೆವು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇ. 7.6, ಅಂದರೆ 2.28 ಲಕ್ಷ. ಮನೆಯ ನಿಜವಾದ ಬೆಲೆ 32.28 ಲಕ್ಷ. ವರ್ಷದ ಬಾಡಿಗೆ 1,32,000. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಹೋಯಿತು ಅನ್ನಿ. ಮನೆ ಕರ, ಸುಣ್ಣ-ಬಣ್ಣ, ಮೋಟಾರು ರಿಪೇರಿಗೆ 25,000 ಹಿಡಿದೆವು. ಉಳಿದದ್ದು 96,000. ತಿಂಗಳಿಗೆ 8,000, ಹಾಕಿದ ದುಡ್ಡಿಗೆ ಶೇ. 3ರಷ್ಟೂ ಇಲ್ಲ.

ಅದೇ 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ತಿಂಗಳಿಗೆ 20,500.

‘ಜಾಗದ ಬೆಲಿ ಏರ್ತದಲ್ಲೋ, ಪಾಸ್‌ಬುಕ್ಕಿನ ಗಂಟು ಏರ್ತದೇನು?’ ಎಂದರು ಅವರು. ಮಾತು ಸುಳ್ಳಲ್ಲ. ಆದರೆ ಎರಡೂ ಸಮವಾಗಬೇಕೆಂದರೆ ಆ ಮನೆಯ ಬೆಲೆ ವರ್ಷಕ್ಕೆ ಶೇ. 5ಕ್ಕಿಂತ ಹೆಚ್ಚು, ಬಿಡದೆ ಏರಬೇಕು. ಏರಿದರೂ ಔಷಧಿ ಅಂಗಡಿಗೆ ಮನೆಯ ಒಂದು ಗೋಡೆ ಬಿಚ್ಚಿ ಕೊಡಲಾಗದು.

ಮನೆ ನೋಡಲು ಹೋದಾಗ ಬಾಡಿಗೆದಾರರನ್ನೂ ಮಾತಾಡಿಸಿದೆವು. ಗದಗ-ಬೆಟಗೇರಿಯಲ್ಲಿ ಬಾಡಿಗೆಗೆ ಬರುವವರು ಮೊದಲು ಕೇಳುವುದು ಅಡುಗೆಮನೆ ಎಷ್ಟು ದೊಡ್ಡದು ಎಂದಲ್ಲ, ನೀರಿನ ತೊಟ್ಟಿ ಎಷ್ಟು ದೊಡ್ಡದು ಎಂದು. ತುಂಗಭದ್ರೆಯ ನೀರು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನಿಂದ ಇಲ್ಲಿಗೆ ಬರಬೇಕು. ನಳದ ಪಾಳಿಗೆ ದಿನಗಟ್ಟಲೆ ಕಾಯುವುದು ಈ ಊರಿಗೆ ಹೊಸದಲ್ಲ. ಈ ಮನೆಯ ತೊಟ್ಟಿ ಎರಡು ಸಂಸಾರಕ್ಕೆ ಸಾಲದು. ಕರೆಂಟ್ ಮೀಟರೂ ಒಂದೇ. ಗೃಹಜ್ಯೋತಿ 200 ಯೂನಿಟ್‌ವರೆಗೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಎರಡು ಮನೆಯ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ 200 ದಾಟುವುದು ಸುಲಭ. ದಾಟಿದರೆ ಪೂರ್ತಿ ಬಿಲ್ಲು, ಜಗಳ ಬೇರೆ.

ಸಣ್ಣ ಊರುಗಳ ಕಥೆ ಇನ್ನೊಂದು. ಶಿರಹಟ್ಟಿಯಲ್ಲಿ ಮನೆ ಅಗ್ಗ, ಬಾಡಿಗೆಯೂ ಅಗ್ಗ, ಖಾಲಿ ತಿಂಗಳು ಜಾಸ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಬ್ಬರು ಶಿಕ್ಷಕಿಯರು ಮನೆ ಬಿಟ್ಟು ಗದಗಿನಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ ಎಂದು ಅಲ್ಲಿನ ಮಾಲೀಕರೊಬ್ಬರು ನಕ್ಕರು. ಉಚಿತ ಬಸ್ಸು ಬಾಡಿಗೆ ಮನೆಗೂ ಪೈಪೋಟಿ ಎಂದು ನಮಗೆ ಹೊಳೆದದ್ದು ಆಗಲೇ.

ಕೊನೆಗೆ ದಾರಿ ಕಂಡದ್ದು ಅವರ ಲಕ್ಷ್ಮೇಶ್ವರದ ಸ್ವಂತ ಮನೆಯ ಮಾಳಿಗೆಯಲ್ಲೇ. ಜಾಗ ಕೊಳ್ಳಬೇಕಿಲ್ಲ, ನೋಂದಣಿ ಖರ್ಚಿಲ್ಲ. 10 ಲಕ್ಷದಲ್ಲಿ ಮೇಲೊಂದು ಮನೆ, 4,500 ಬಾಡಿಗೆ. ವರ್ಷಕ್ಕೆ ಎರಡು ತಿಂಗಳು ಖಾಲಿ, 8,000 ರಿಪೇರಿ ಎಂದರೂ 37,000 ಉಳಿಯುತ್ತದೆ. ಅಂಚೆಯಲ್ಲಿಟ್ಟ 20 ಲಕ್ಷದಿಂದ 1,64,000. ಎರಡೂ ಸೇರಿ ತಿಂಗಳಿಗೆ 16,750. ಆಪತ್ತಿಗೆಂದು 3 ಲಕ್ಷ ಕೈಯಲ್ಲೇ. ಪೂರ್ತಿ ಅಂಚೆಗೆ ಹಾಕಿದ್ದಕ್ಕಿಂತ ಕಡಿಮೆಯೇ, ಆದರೆ ಅವರಿಗೆ ಕಟ್ಟುವ ಆಸೆಯೂ ಇದೆ, ಅದನ್ನು ನಾವು ಸೊನ್ನೆ ಎಂದು ಬರೆಯಲಿಲ್ಲ.

ಅವರು ಬೆಟಗೇರಿಯ ಮನೆ ಕೈಬಿಟ್ಟಿದ್ದಾರೆ. ಮಾಳಿಗೆ ಭಾರ ತಡೆಯುತ್ತದೋ ಇಲ್ಲವೋ ನೋಡಲು ಈ ವಾರ ಎಂಜಿನಿಯರ್ ಬರುತ್ತಿದ್ದಾರೆ.