ಐವತ್ತು ಲಕ್ಷ ಡಾಲರ್ ಯಾರಿಗೆ ಹೋಯ್ತು?

ಅಮೆರಿಕ 1819ರಲ್ಲಿ ಸ್ಪೇನಿನಿಂದ ಫ್ಲೋರಿಡಾವನ್ನು 50 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು ಅನ್ನೋದು ಕ್ವಿಜ್‌ಗಳಲ್ಲಿ ಸಲೀಸಾಗಿ ಓಡುವ ಉತ್ತರ. ನನಗೋ, ವ್ಯವಹಾರ ಅಂದಕೂಡಲೇ ದುಡ್ಡು ಯಾರ ಕೈಗೆ ಸೇರಿತು ಅಂತ ನೋಡುವ ಚಟ. ನೋಡಿದರೆ, ಸ್ಪೇನಿಗೆ ಒಂದು ಬಿಡಿಗಾಸೂ ಸಿಕ್ಕಿಲ್ಲ! ಸ್ಪೇನಿನ ಮೇಲೆ ಅಮೆರಿಕದ ಪ್ರಜೆಗಳಿಗಿದ್ದ ನಷ್ಟಪರಿಹಾರದ ಬಾಕಿಯನ್ನು, 50 ಲಕ್ಷದ ಮಿತಿಯೊಳಗೆ, ತಾನೇ ತೀರಿಸುತ್ತೇನೆ ಅಂತ ಅಮೆರಿಕ ಒಪ್ಪಿತು. ಅಷ್ಟೇ. ಜೊತೆಗೆ ಟೆಕ್ಸಾಸ್ ಮೇಲಿನ ಹಕ್ಕನ್ನು ಆ ಹೊತ್ತಿಗೆ ಬಿಟ್ಟುಕೊಟ್ಟಿತು.

ಸ್ಪೇನ್ ಯಾಕೆ ಒಪ್ಪಿತು? ದಕ್ಷಿಣ ಅಮೆರಿಕದ ಅದರ ವಸಾಹತುಗಳೆಲ್ಲ ದಂಗೆ ಎದ್ದಿದ್ದವು. ಫ್ಲೋರಿಡಾ ಕಾಯಲು ಸೈನ್ಯವಿರಲಿಲ್ಲ. 1818ರಲ್ಲಿ ಜನರಲ್ ಆಂಡ್ರೂ ಜಾಕ್ಸನ್ ಗಡಿ ದಾಟಿ ಸೇಂಟ್ ಮಾರ್ಕ್ಸ್ ಕೋಟೆ, ಪೆನ್ಸಕೋಲಾ ಎರಡನ್ನೂ ಹಿಡಿದುಬಿಟ್ಟ. ವಾಷಿಂಗ್ಟನ್ನಿನಲ್ಲಿ ಕೆಲವು ಮಂತ್ರಿಗಳು ಅವನ ಮೇಲೆ ಕೆಂಡವಾದರು. ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್ ಮಾತ್ರ ಅದನ್ನೇ ದಾಳ ಮಾಡಿಕೊಂಡ: ನೆಟ್ಟಗೆ ಆಳಿ, ಇಲ್ಲವೇ ನಮಗೆ ಬಿಟ್ಟುಕೊಡಿ ಅನ್ನುವುದು ಅವನ ವಾದದ ತಿರುಳು. ಸ್ಪೇನಿನ ರಾಯಭಾರಿ ಲೂಯಿಸ್ ಡಿ ಓನಿಸ್ 1819ರ ಫೆಬ್ರವರಿ 22ರಂದು ಸಹಿ ಹಾಕಿದ. ಹುಟ್ಟಿ 43 ವರ್ಷವೂ ತುಂಬದ ದೇಶದ ಗಡಿರೇಖೆ ಪೆಸಿಫಿಕ್ ಸಾಗರ ಮುಟ್ಟಿತು.

ನಮ್ಮಲ್ಲಿ ಸೈಟು ಕೊಳ್ಳುವವರು ಮೊದಲು ಕೇಳೋದು, ‘ಜಾಗದಲ್ಲಿ ಯಾರಾದ್ರೂ ಇದ್ದಾರಾ?’ ಅಂತ. ಫ್ಲೋರಿಡಾದಲ್ಲಿ ಇದ್ದರು. ಸೆಮಿನೋಲ್ ಜನ, ಜೊತೆಗೆ ಜಾರ್ಜಿಯಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನ. ಅವರನ್ನು ಮಾತುಕತೆಗೆ ಯಾರೂ ಕರೆಯಲಿಲ್ಲ. ಒಪ್ಪಂದ ಜಾರಿಗೆ ಬಂದ 1821ರಲ್ಲಿ ಅಲ್ಲಿಗೆ ಗವರ್ನರ್ ಆಗಿ ಬಂದವನೂ ಅದೇ ಜಾಕ್ಸನ್. ಅವನೇ ಅಧ್ಯಕ್ಷನಾಗಿ 1830ರಲ್ಲಿ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯ್ದೆಗೆ ಸಹಿ ಹಾಕಿದ. 1835ರಿಂದ ಏಳು ವರ್ಷ, ಮತ್ತೆ 1855ರಿಂದ ಮೂರು ವರ್ಷ ಯುದ್ಧ. ಹೆಚ್ಚಿನವರನ್ನು ಸಾಗಿಸಿಯೂ ಆಯಿತು. ಕೆಲವು ನೂರು ಜನ ಮಾತ್ರ ಎವರ್‌ಗ್ಲೇಡ್ಸ್ ಜೌಗಿನೊಳಗೆ ಸೇರಿಕೊಂಡು, ಜಾಗ ಬಿಡಲೇ ಇಲ್ಲ.

ಹಾರ್ಡ್ ರಾಕ್ ಕೆಫೆ ಗೊತ್ತಲ್ಲ, ಬೆಂಗಳೂರಿನವರೂ ಟೀ ಶರ್ಟ್ ಕೊಂಡು ಮೆರೆಯುವ ಆ ಬ್ರಾಂಡು? ಅದನ್ನು 2007ರಲ್ಲಿ ಸುಮಾರು 96 ಕೋಟಿ ಡಾಲರ್ ಕೊಟ್ಟು ಕೊಂಡವರು ಫ್ಲೋರಿಡಾದ ಸೆಮಿನೋಲ್ ಬುಡಕಟ್ಟಿನವರು. ಜೌಗಿನಲ್ಲಿ ಉಳಿದವರ ವಂಶದವರು. ಈ ಸಲ ದುಡ್ಡು ಮಾತ್ರ ಮಾರಿದವರ ಕೈಗೇ ಹೋಯ್ತು.