ಸುದ್ದಿ ಯಾರಿಗೆ ಮುಟ್ಟುತ್ತದೆ?

ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಪಹಣಿಗೆಂದು ಹೋದ ರೈತನಿಗೆ ‘ನೆಟ್ ಇಲ್ರಿ, ನಾಳೆ ಬರ್ರಿ’ ಅನ್ನುವ ಮಾತು ತೇರದಾಳದ ಸೀಮೆಯಲ್ಲಿ ಹೊಸದಲ್ಲ. 2011ರಲ್ಲಿ ಒಪ್ಪಿಗೆ ಸಿಕ್ಕು, ಮುಂದೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆ ಹಳ್ಳಿಗಳಿಗೆ ಫೈಬರ್ ಎಳೆಯಿತು. ಎಳೆ ಬಂತೋ ಇಲ್ಲವೋ ಅಂತ ಎಲ್ಲರೂ ಕೇಳುತ್ತಾರೆ. ಕಡಿದಾಗ ಸುದ್ದಿ ಯಾರಿಗೆ ಮುಟ್ಟುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಅದೇ ದೊಡ್ಡ ಪ್ರಶ್ನೆ.

ಕಬ್ಬಿನ ಹೊಲದ ಪಕ್ಕದಲ್ಲಿ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕಿತು ಅನ್ನಿ. ನೆಟ್‌ವರ್ಕಿನ ಸ್ವಿಚ್ಚು ಆ ಕ್ಷಣವೇ ‘ಲಿಂಕ್ ಡೌನ್’ ಅಂತ ಟ್ರ್ಯಾಪ್, ಅಂದರೆ ಸೂಚನೆ, ಕಳಿಸುತ್ತದೆ. ಕರೆಂಟು ಹೋಗಿ ಬಂದರೆ ‘ಕೋಲ್ಡ್ ಸ್ಟಾರ್ಟ್’. ಯಾರಿಗೆ ಅನ್ನುವುದು ಅದರ ಹೊಟ್ಟೆಯಲ್ಲೇ ಇದೆ. ಸಿಸ್ಕೋ ಸ್ವಿಚ್ಚಾದರೆ ಲಾಗಿನ್ ಆಗಿ ‘ಶೋ ಎಸ್‌ಎನ್‌ಎಂಪಿ ಹೋಸ್ಟ್’ ಅಂತ ಹೊಡೆಯಬೇಕು. ಕಣ್ಗಾವಲು ಸರ್ವರುಗಳೆಲ್ಲ ಒಂದೊಂದಾಗಿ ಬರುತ್ತವೆ: ಐಪಿ ವಿಳಾಸ, ಯುಡಿಪಿ ಪೋರ್ಟ್ 162, ಟ್ರ್ಯಾಪೋ ಇನ್‌ಫಾರ್ಮೋ, ಯಾವ ಆವೃತ್ತಿ. ಹೆಸರಿನ ಜಾಗದಲ್ಲಿ ‘ಪಬ್ಲಿಕ್’ ಅಂತ ಕಂಡರೆ, ಗುಟ್ಟಿನ ಪದವನ್ನು ಯಾರೂ ಬದಲಿಸಿಯೇ ಇಲ್ಲ ಅಂತ ಅರ್ಥ.

ಆ ಸಾಲುಗಳಲ್ಲಿ ಎಂದೋ ಕಿತ್ತೊಗೆದ ಸರ್ವರಿನ ವಿಳಾಸವೂ ಉಳಿದಿರಬಹುದು. ಟ್ರ್ಯಾಪಿಗೆ ಮರುತ್ತರ ಅನ್ನುವುದಿಲ್ಲ. ಕೇಳುವವರು ಇರಲಿ ಬಿಡಲಿ, ಸ್ವಿಚ್ಚು ಕಳಿಸುತ್ತಲೇ ಇರುತ್ತದೆ. ತಪ್ಪಾಗಿದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಇನ್‌ಫಾರ್ಮ್ ಹಾಗಲ್ಲ, ‘ಮುಟ್ಟಿತು’ ಅಂತ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ಹಳ್ಳಿಯ ಸಾಧನಗಳಿಗೆ ಇನ್‌ಫಾರ್ಮೇ ಇರಲಿ ಅನ್ನುವವನು ನಾನು.

ಹಳ್ಳಿ ಅಂದಾಗ ಕಿತ್ತೂರು ನೆನಪಾಗುತ್ತದೆ. ದೂರಸಂಪರ್ಕದ ಸರ್ಕಾರಿ ಸಂಸ್ಥೆ ಸಿ-ಡಾಟ್ ತನ್ನ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಶುರು ಮಾಡಿದ್ದು ನಮ್ಮ ಈ ಕಿತ್ತೂರಿನಲ್ಲೇ. ಎಸಿ ಇಲ್ಲದ ಕೋಣೆಯಲ್ಲಿ, ಧೂಳು ಸೆಕೆಯಲ್ಲಿ ದುಡಿಯಲೆಂದೇ ಮಾಡಿದ ಯಂತ್ರ ಅದು. ಹಳ್ಳಿಯ ಯಂತ್ರದ ಬಾಳು ಹೀಗೇ ಅಂತ ಬಲ್ಲವರ ಕೆಲಸ. ಇವತ್ತು ಬೀಗ ಹಾಕಿದ ಕೋಣೆಯಲ್ಲಿ ಒಂಟಿಯಾಗಿರುವ ಸ್ವಿಚ್ಚಿಗೂ ಅಂಥದೇ ಕಾಳಜಿ ಸಲ್ಲಬೇಕು.

ನಮ್ಮೂರು ತೇರದಾಳದ ನೇಮಿನಾಥ ಬಸದಿಯನ್ನು ಮಾಂಡಲಿಕ ಗೊಂಕ ಕಟ್ಟಿಸಿದ. 1123ರ ಆ ದಾನಶಾಸನವನ್ನು ಈಗಲೂ ಓದಬಹುದು, ಕಲ್ಲಿನಲ್ಲಿದೆ. ಸ್ವಿಚ್ಚಿನಲ್ಲಿ ಬರೆದದ್ದು ಹಾಗೆ ನಿಲ್ಲುವುದಿಲ್ಲ. ಹಳೇ ವಿಳಾಸ ತೆಗೆದು ಹೊಸದನ್ನು ಹಾಕಿ ‘ರೈಟ್ ಮೆಮೊರಿ’ ಕೊಡದೆ ಎದ್ದರೆ, ಮುಂದಿನ ಸಲ ಕರೆಂಟು ಹೋದಾಗ ಮಾಡಿದ್ದೆಲ್ಲ ಅಳಿಸಿ ಹಳೇ ವಿಳಾಸವೇ ಮರಳುತ್ತದೆ. ಕರೆಂಟು ಹೋಗಿ ಬರುವ ನಮ್ಮ ಕಡೆ ಈ ಎರಡು ಪದ ಮರೆಯಲೇಬಾರದು.

ಅಷ್ಟಕ್ಕೇ ಏಳಬಾರದು. ಲ್ಯಾಪ್‌ಟಾಪಿನ ವೈರನ್ನು ಖಾಲಿ ಪೋರ್ಟಿಗೆ ಚುಚ್ಚಿ, ದೀಪ ಹಸಿರಾದ ಮೇಲೆ ಕಿತ್ತು, ಸರ್ವರಿನ ಮುಂದೆ ಕೂತವರಿಗೆ ಫೋನ್ ಹಚ್ಚಿ ‘ಬಂತೇನ್ರಿ?’ ಅಂತ ಕೇಳಬೇಕು. ‘ಬಂತ್ರಿ’ ಅಂದರೆ ಕ್ಯಾಬಿನೆಟ್ಟಿನ ಬಾಗಿಲು ಹಾಕಬಹುದು.