ಸಣ್ಣಗಾಗುವುದು, ಸೊರಗುವುದು

ಮೈ ಇಳಿಯುವುದಕ್ಕೆ ಕನ್ನಡದಲ್ಲಿ ಮಾತುಗಳು ಹಲವು. 'ಸಣ್ಣಗಾಗಿದ್ದಾಳೆ' ಎಂದರೆ ಈಚೆಗೆ ಮೆಚ್ಚುಗೆ. 'ಸೊರಗಿದ್ದಾಳೆ' ಎಂದರೆ ಮರುಕ. ಹಳ್ಳಿಯ ಹಿರಿಯರು 'ಎಷ್ಟು ಬಡವಾಗಿದ್ದೀಯೇ ಮಗಳೇ' ಎಂದಾಗ ನಮ್ಮ ಹಣದ ಚೀಲವನ್ನು ಕುರಿತು ಕೇಳುತ್ತಿರುವುದಿಲ್ಲ. ಮೈಯ ಬಡತನವನ್ನು ಕಂಡು ನೊಂದಿರುತ್ತಾರೆ. ಪರೀಕ್ಷೆಯಲ್ಲಿ ಇವನ್ನು ಸಮಾನಾರ್ಥಕಗಳೆಂದು ಬರೆದರೆ ನಾನೂ ಅಂಕ ಕೊಟ್ಟೇನು. ಬಾಣಂತಿಯ ಕೋಣೆಯಲ್ಲಿ ಮಾತ್ರ ಇವು ಸಮಾನಾರ್ಥಕಗಳಲ್ಲ.

ಬಾಣಂತನವೆಂದರೆ ನಮ್ಮಲ್ಲಿ ತಿನ್ನುವ ಕಾಲ. ತುಪ್ಪ, ಕೊಬ್ಬರಿ, ಅಂಟಿನುಂಡೆ, ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಜೊತೆಗೆ ಎಣ್ಣೆನೀರು, ಹೊಟ್ಟೆಗೆ ಬಿಗಿದು ಸುತ್ತಿದ ಹಳೆಯ ಸೀರೆ. ಇದರಲ್ಲಿ ನಗುವಂಥದೇನೂ ಇಲ್ಲ. ಹಿಂದಿನ ಹೆಣ್ಣು ತವರಿನಿಂದ ಹಿಂದಿರುಗಿದರೆ ಬಾವಿ, ಒರಳು, ಬೀಸುವ ಕಲ್ಲು ಕಾದಿರುತ್ತಿದ್ದವು. ತಿಂದ ತುಪ್ಪ ಅಲ್ಲಿ ಕರಗುತ್ತಿತ್ತು. ಈಗ ಒರಳಿನ ಕೆಲಸ ಮಿಕ್ಸಿಗೆ, ಬಾವಿಯ ಕೆಲಸ ನಲ್ಲಿಗೆ ಹೋಗಿದೆ. ಉಂಡೆಯ ಗಾತ್ರವೊಂದು ಹಾಗೆಯೇ ಉಳಿದಿದೆ.

ಹೆರಿಗೆಯ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿತು. ಆ ರಜೆಯೂ ಮುಗಿಯುತ್ತ ಬಂದಾಗ ನನ್ನ ತಂಗಿ ಕಚೇರಿಗೆ ತೊಡುವ ರವಿಕೆಗಳನ್ನು ಪೆಟ್ಟಿಗೆಯಿಂದ ತೆಗೆದಳು. ಒಂದರ ಕೊಕ್ಕೆಯೂ ಕೂಡಲಿಲ್ಲ. ಅಂದಿನಿಂದ ರಾತ್ರಿಯ ಊಟ ನಿಂತು ಒಂದು ಲೋಟ ಮಜ್ಜಿಗೆಯಾಯಿತು.

"ತಿನ್ನೇ, ಕೂಸಿಗೆ ಹಾಲು ಬೇಡವೇನೇ?" ಎಂದು ಅಮ್ಮ.

"ತಿಂದರೆ ನಾನು ಬಾಗಿಲಲ್ಲಿ ಹಿಡಿಸಬೇಡವೇನಮ್ಮಾ?" ಎಂದು ಅವಳು.

ಮೂರನೆಯ ವಾರ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತಳು. ಪುಣ್ಯಕ್ಕೆ ಕೂಸು ತೊಟ್ಟಿಲಲ್ಲಿತ್ತು. ವೈದ್ಯೆ ರಕ್ತಪರೀಕ್ಷೆ ಮಾಡಿಸಿ ರಕ್ತಹೀನತೆ ಎಂದರು. ಹೆರಿಗೆಯಾದ ಮೇಲೆ 180 ದಿನ ನುಂಗಬೇಕಾದ ಕಬ್ಬಿಣದ ಮಾತ್ರೆ ಕಪಾಟಿನಲ್ಲಿ ಮುಕ್ಕಾಲು ಪಾಲು ಉಳಿದಿತ್ತು.

ಆ ತಾಯಿ ಬಿಡಿಸಿ ಹೇಳಿದ ಲೆಕ್ಕ ಹೀಗಿದೆ. ಬಸುರಿನಲ್ಲಿ ಏರಿದ ತೂಕದಲ್ಲಿ ಮಗು, ಮಾಸು, ನೀರು ಸೇರಿ ಐದಾರು ಕಿಲೋ ಹೆರಿಗೆಯ ದಿನವೇ ಇಳಿಯುತ್ತದೆ. ಹೆತ್ತಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ 100 ಗ್ರಾಮಿನೊಳಗೆ ಬರುತ್ತದೆ. ಮಿಕ್ಕದ್ದರಲ್ಲಿ ಹೆಚ್ಚಿನದು ಹಾಲಿಗೆಂದು ಪ್ರಕೃತಿ ಕಟ್ಟಿಕೊಟ್ಟ ಬುತ್ತಿ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಹಾಗೆಂದು ಅದನ್ನೆಲ್ಲ ತುಪ್ಪದಿಂದಲೇ ತುಂಬಬೇಕಿಲ್ಲ. ನಾಲ್ಕು ಉಂಡೆಯ ಬದಲು ಒಂದು. ರಾಗಿ, ಹೆಸರುಕಾಳು, ಸೊಪ್ಪು, ಮೊಸರು, ತಿನ್ನುವವರಾದರೆ ಮೊಟ್ಟೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವುಂಟು. ಬಾಣಂತಿಗೆ ನೀರು ಕೊಡಬಾರದೆಂಬ ನಂಬಿಕೆಯನ್ನು ಬಿಟ್ಟು, ಬಾಯಾರಿದಷ್ಟೂ ಕುಡಿಯಬೇಕು. ಸುತ್ತಿದ ಸೀರೆ ಸೊಂಟಕ್ಕೆ ಆಸರೆಯಾದೀತು, ಕೊಬ್ಬನ್ನು ಕರಗಿಸದು. ಅದಕ್ಕೆ ನಡಿಗೆಯೇ ಮದ್ದು. ಮೊದಲು ನಿಧಾನವಾಗಿ, ಮೈಗೆ ಬಲ ಬಂದಂತೆ ಚುರುಕಾಗಿ. ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದರೆ ಬಿರುಸಿನ ವ್ಯಾಯಾಮಕ್ಕೆ ವೈದ್ಯರ ಒಪ್ಪಿಗೆ ಬೇಕು. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ. ಇದು ಸಣ್ಣಗಾಗುವ ದಾರಿ. ಮಜ್ಜಿಗೆಯ ಲೋಟದ್ದು ಸೊರಗುವ ದಾರಿ.

"ಎಲ್ಲ ಸರಿ ಅಕ್ಕ, ಆ ನಡಿಗೆಗೆ ಅರ್ಧ ಗಂಟೆ ಎಲ್ಲಿದೆ?" ಎಂದಳು ತಂಗಿ. ಈ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ, ಮನೆಯವರಲ್ಲಿದೆ. ತಾಯಿ ನಡೆಯಬೇಕಾದರೆ ಕೂಸನ್ನು ಯಾರಾದರೂ ಎತ್ತಿಕೊಳ್ಳಬೇಕು. ನಿದ್ದೆಗೆಟ್ಟವಳು ಹೊತ್ತಿಗೆ ಸರಿಯಾಗಿ ಉಣ್ಣಬೇಕಾದರೆ ಬೇರೊಬ್ಬರು ಒಲೆಯ ಮುಂದೆ ನಿಲ್ಲಬೇಕು. ಬಾಣಂತನ ಹೆಂಗಸರ ಕೆಲಸವೆಂದು ಗಂಡಂದಿರು ಹಜಾರದಲ್ಲಿ ಪತ್ರಿಕೆ ಓದುತ್ತ ಕೂತಿದ್ದರೆ, ಅವಳ ತೂಕದ ಮಾತನ್ನು ಎತ್ತುವ ಹಕ್ಕು ಅವರಿಗಿಲ್ಲ.

ಒಂಬತ್ತು ತಿಂಗಳು ಮೈ ಕಟ್ಟಿದ್ದನ್ನು ಇಳಿಸಲು ಅಷ್ಟೇ ತಿಂಗಳು ಕೇಳಿದರೆ ಅದೇನು ದೊಡ್ಡ ಬೇಡಿಕೆಯಲ್ಲ. ಬಾಣಂತಿಯನ್ನು ನೋಡಲು ಹೋಗುವವರು ಬೆಳ್ಳಿಯ ಬಟ್ಟಲನ್ನೋ ಉಲ್ಲನ್ ಕುಲಾವಿಯನ್ನೋ ಒಯ್ಯುತ್ತಾರೆ. ಒಯ್ಯಲಿ. ಆದರೆ "ಎಷ್ಟು ದಪ್ಪಗಾಗಿದ್ದೀಯಲ್ಲೇ" ಎಂಬ ಮಾತನ್ನು ಹೊಸಿಲಾಚೆಯೇ ಬಿಟ್ಟು, ಕೂಸಿಗೆ ಕೈಚಾಚಿ, "ಇಲ್ಲಿ ಕೊಡಮ್ಮ, ನೀನು ಒಂದು ಸುತ್ತು ನಡೆದು ಬಾ" ಎಂದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೊಂದಿಲ್ಲ.